ಬಟನ್ ಇಲ್ಲದ ಪಿಯಾನೊ

ಐರ್ಲೆಂಡಿಗೆ ಹೋಗಿ ಬಂದೆಯಲ್ಲ, ಏನೇನು ನೋಡಿದೆ ಎಂದು ಚಾಮರಾಜನಗರದಲ್ಲಿ ಕಂಡಕಂಡವರೆಲ್ಲ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕುರಿ ನೋಡಿದೆ, ಮಳೆ ನೋಡಿದೆ, ಒಂದು ಪಿಯಾನೊದ ಬೆನ್ನು ನೋಡಿದೆ. ಕೋಟೆ, ಅರಮನೆ ಬೇಕಾದವರು ಬೇರೆ ಯಾರನ್ನಾದರೂ ವಿಚಾರಿಸಿಕೊಳ್ಳಿ. ನಾನು ಅಷ್ಟು ದೂರ ಹೋದದ್ದು ಊರು ನೋಡಲು ಅಲ್ಲ. ನಮ್ಮ ಮಾಸ್ಟ್ರು ಬಚ್ಚಿಟ್ಟುಕೊಂಡಿದ್ದ ಒಂದು ಪಾಠವನ್ನು ಕಿತ್ತುಕೊಂಡು ಬರಲು.

ನಾನು ಹರದನಹಳ್ಳಿಯ ಸಿದ್ದರಾಜು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅದರಿಂದ ಶಾಲೆಗೂ ನೆಮ್ಮದಿ, ನನಗೂ ನೆಮ್ಮದಿ. ಚಾಮರಾಜನಗರದಲ್ಲಿ ನನ್ನ ವೆಲ್ಡಿಂಗ್ ಅಂಗಡಿ ಇದೆ. ಆ ಊರಲ್ಲಿ ನೀವು ತಳ್ಳಿದ ಗೇಟು ಕಿರ್ ಎನ್ನದೆ ತೆರೆದುಕೊಂಡರೆ ಅದು ನನ್ನ ಕೈಯದು ಎಂದು ತಿಳಿಯಿರಿ. ಹಬ್ಬ, ಮದುವೆ ಬಂದರೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಅದರಲ್ಲೂ ರಾಕ್. ಕೀಬೋರ್ಡಿನ ಸ್ಟ್ಯಾಂಡ್ ಕೂಡ ನಾನೇ ವೆಲ್ಡ್ ಮಾಡಿದ್ದು. ಆನೆ ಒರಗಿದರೂ ಬಾಗದು.

ಗುಂಡ್ಲುಪೇಟೆ

ರಾಕ್ ಎಂಬುದು ನಮ್ಮ ಜಿಲ್ಲೆಗೆ ಬಂದದ್ದು ಜೀಪಿನಲ್ಲಿ. ಗುಂಡ್ಲುಪೇಟೆಯ ಗೋಪಾಲಣ್ಣ, ಅಂದರೆ ನಮ್ಮ ಮಾಸ್ಟ್ರು, ಹರೆಯದಲ್ಲಿ ಬಂಡೀಪುರದ ಕಡೆ ಒಂದು ಲಾಡ್ಜಿನ ಜೀಪ್ ಓಡಿಸುತ್ತಿದ್ದರು. ಹುಲಿ ನೋಡಲು ಬಂದ ಯಾರೋ ವಿದೇಶಿ, ಹುಲಿ ಕಾಣದ ಬೇಜಾರಿಗೋ ಏನೋ, ಒಂದು ಕ್ಯಾಸೆಟ್ಟನ್ನು ಜೀಪಿನಲ್ಲೇ ಬಿಟ್ಟು ಹೋದ. ಅದರಲ್ಲಿ ಒಬ್ಬ ಪಿಯಾನೊ ನುಡಿಸುತ್ತಿರಲಿಲ್ಲ, ಅದರೊಡನೆ ಕುಸ್ತಿಗೆ ಬಿದ್ದಿದ್ದ. ಗೋಪಾಲಸ್ವಾಮಿ ಬೆಟ್ಟವನ್ನು ಎರಡನೇ ಗೇರಿನಲ್ಲಿ ಹತ್ತುವ ಜೀಪಿನ ಗುಡುಗುಡು ಹೇಗಿರುತ್ತದೋ, ಅವನ ಎಡಗೈ ಹಾಗೆ ಓಡುತ್ತಿತ್ತು. ಮಾಸ್ಟ್ರು ಜೀಪ್ ಬಿಟ್ಟು ಕೀಬೋರ್ಡ್ ಹಿಡಿದರು. ಕ್ಯಾಸೆಟ್ಟಿನ ಕೊನೆಯಲ್ಲಿ ‘ದಡ್’ ಎಂದೊಂದು ಸದ್ದಿತ್ತು. ಅದು ನುಡಿಸುವವನು ಎದ್ದು ನಿಂತು ಸ್ಟೂಲನ್ನು ಹಿಂದಕ್ಕೆ ಒದ್ದ ಸದ್ದೇ ಎಂದು ತೀರ್ಮಾನಿಸಿ, ತಾವೂ ಪ್ರತಿ ಪ್ರೋಗ್ರಾಮಿನ ಕೊನೆಗೆ ಸ್ಟೂಲ್ ಒದೆಯತೊಡಗಿದರು. ಗಣೇಶನ ಪೆಂಡಾಲಿನಲ್ಲಿ ಜನ ಅದಕ್ಕೇ ಕಾಯುತ್ತಿದ್ದರು.

ನಾನು ಅವರ ಶಿಷ್ಯ. ಅವರ ಜೀಪಿನ ಎಡಗೈಯನ್ನು ಎತ್ತಿಕೊಂಡು, ಮಾರಿಹಬ್ಬದ ತಮಟೆ ಪೆಟ್ಟನ್ನು ನನ್ನ ಬಲಗೈಗೆ ಇಳಿಸಿದೆ. ಮುಂದಿನ ವರ್ಷ ನೋಡಿದರೆ ಮಾಸ್ಟ್ರ ಬಲಗೈಯಲ್ಲಿ ತಮಟೆ! ಕೇಳಿದರೆ, “ಅದು ಯಾವತ್ತಿಂದ್ಲೂ ನಂದೇ ಕಣ್ಲಾ” ಅಂದರು. ಹೀಗೆ ಅವರದು ನನಗೆ, ನನ್ನದು ಅವರಿಗೆ ಹೋಗಿ ಬಂದು, ಯಾವುದು ಯಾರದೆಂದು ದೇವರಿಗೂ ತಿಳಿಯದಂತಾಯಿತು.

ಅದಕ್ಕೆ ನಾವು ಜಗಳವಾಡಲಿಲ್ಲ. ಜಗಳ ಬಂದದ್ದು ಬಟನ್ನಿಂದ.

ತಿಳಿಯದವರಿಗೆ ಹೇಳುತ್ತೇನೆ. ಒಬ್ಬೊಬ್ಬ ಗಾಯಕನ ಶ್ರುತಿ ಒಂದೊಂದು ಎತ್ತರದಲ್ಲಿರುತ್ತದೆ. ಸರಿಯಾಗಿ ಕಲಿತವನು ಅದಕ್ಕೆ ತಕ್ಕಂತೆ ಬೆರಳಿಡುವ ಮನೆ, ಅಂದರೆ ಒತ್ತುವ ಪಟ್ಟಿ, ಬದಲಿಸುತ್ತಾನೆ. ಕೀಬೋರ್ಡಿನಲ್ಲಿ ಆ ಕಷ್ಟವಿಲ್ಲ. ಟ್ರಾನ್ಸ್‌ಪೋಸ್ ಎಂಬ ಬಟನ್ ಇದೆ. ಅದನ್ನು ಒತ್ತಿದಷ್ಟೂ ಶ್ರುತಿ ಮೇಲೆ ಹೋಗುತ್ತದೆ. ಬೆರಳು ಮಾತ್ರ ಹುಟ್ಟಿದ ಮನೆಯಲ್ಲೇ ಇರುತ್ತದೆ. ಮಾಸ್ಟ್ರು ನನಗೆ ಕಲಿಸಿದ್ದು ಹಾಗೆಯೇ: “ಬಟನ್ ಒತ್ತು, ಕೈ ಅಲ್ಲೇ ಮಡಗು.”

ಆದರೆ ಒಂದು ಮದುವೆಯಲ್ಲಿ ಕರೆಂಟ್ ಹೋಯಿತು. ಕೀಬೋರ್ಡ್ ಸತ್ತಿತು. ಮಾಸ್ಟ್ರು ಭಜನೆಯವರ ಹಾರ್ಮೋನಿಯಂ ಎಳೆದುಕೊಂಡು, ಎತ್ತರದ ಶ್ರುತಿಯ ಗಾಯಕನಿಗೆ ಒಂದು ಸ್ವರ ಆಚೀಚೆ ಆಗದಂತೆ ನುಡಿಸಿಬಿಟ್ಟರು. ಹಾರ್ಮೋನಿಯಂನಲ್ಲಿ ಎಲ್ಲಿಯ ಬಟನ್! ಅದನ್ನು ಹೇಳಿಕೊಡಿ ಎಂದು ದುಂಬಾಲು ಬಿದ್ದೆ. “ಅದು ಕೊನೇ ಪಾಠ ಕಣ್ಲಾ. ಆಮೇಲೆ ನೋಡನ” ಅಂದರು. ಆ ‘ಆಮೇಲೆ’ ವರ್ಷಗಟ್ಟಲೆ ಬರಲಿಲ್ಲ. ಗರಡಿಯ ಉಸ್ತಾದರು ಶಿಷ್ಯನಿಗೆ ಕಲಿಸದೆ ಒಂದು ಪಟ್ಟನ್ನು ತಮ್ಮ ಹತ್ತಿರವೇ ಉಳಿಸಿಕೊಳ್ಳುತ್ತಾರಂತಲ್ಲ, ಇವರೂ ಹಾಗೆಯೇ ಎಂದುಕೊಂಡು ಬೇರೆ ತಂಡ ಕಟ್ಟಿದೆ. ಆಮೇಲೆ ಮಾತೇ ಇಲ್ಲ.

ಹೀಗಿರುವಾಗ ಐರ್ಲೆಂಡಿನಿಂದ ಫೋನ್ ಬಂತು. ಹರವೆಯ ನಾಗೇಶ ಅಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾನೆ. ಹುಡುಗನಾಗಿದ್ದಾಗ ನಮ್ಮಿಬ್ಬರನ್ನು ಒಂದೇ ಸ್ಟೇಜಿನಲ್ಲಿ ನೋಡಿದ್ದವನು, ಈಗಲೂ ಜೋಡಿ ಎಂದೇ ತಿಳಿದು ರಾಜ್ಯೋತ್ಸವಕ್ಕೆ ಇಬ್ಬರನ್ನೂ ಕರೆದ. ಬೇಡವೆನ್ನಲು ಬಾಯಿ ತೆರೆದವನು ಸುಮ್ಮನಾದೆ. ಆ ಪಾಠ ಕೀಳಲು ಇಂಥ ಸಂದರ್ಭ ಮತ್ತೆ ಸಿಗದು.

ನಾಗೇಶ ಮೂವರೂ ಸೇರಿದ ಫೋನಿನಲ್ಲಿ, “ಕೀಬೋರ್ಡ್ ತರಿಸಬೇಕಾ, ಬೇಡವಾ? ಇಲ್ಲಿ ಸಭಾಭವನದಲ್ಲಿ ನಿಜವಾದ ಪಿಯಾನೊ ಇದೆ” ಎಂದ.

ನಾನು ಉಸಿರೆತ್ತುವ ಮೊದಲೇ ಮಾಸ್ಟ್ರು, “ಪಿಯಾನೊ ಇದ್ಮೇಲೆ ಕೀಬೋರ್ಡ್ ಯಾಕಪ್ಪ? ಬುಡು” ಅಂದುಬಿಟ್ಟರು.

ನೋಡಿದೆಯಾ ಮುದುಕನ ಧೈರ್ಯವನ್ನು, ಎಂದುಕೊಂಡೆ. ಪಾಠ ಅವರ ಹತ್ತಿರ ಇದ್ದೇ ಇದೆ.

ಆಕಾಶದಲ್ಲಿ

ವಿಮಾನದಲ್ಲಿ ನಾನು ಕಿಟಕಿಯಿಂದ ಹೊರಗೆ ನೋಡಲೇ ಇಲ್ಲ. ಮಾಸ್ಟ್ರ ಬೆರಳು ನೋಡುತ್ತಿದ್ದೆ. ಅವರು ಊಟದ ಹಲಗೆಯ ಮೇಲೆ ಎಡಗೈ ಓಡಿಸುತ್ತ ಪ್ರಾಕ್ಟೀಸ್ ಮಾಡುತ್ತಿದ್ದರು. ಕೊನೆಯ ಪಾಠ ಅಲ್ಲೇ ಎಲ್ಲೋ ಇರಬೇಕು ಎಂದು ಕಣ್ಣು ಕೀಲಿಸಿದೆ. ಆದರೆ ಹಲಗೆಯ ಮೇಲೆ ಯಾವ ಮನೆ ಯಾವುದು ಎಂದು ಹೇಗೆ ತಿಳಿಯಬೇಕು?

ಮುಂದಿನ ಸೀಟಿನ ದಪ್ಪ ಮನುಷ್ಯನಿಗೆ ಬೆನ್ನಿನಲ್ಲಿ ಜೀಪ್ ಓಡಿದಂತಾಗಿರಬೇಕು. ತಿರುಗಿ, ಏನೋ ವಿನಯವಾಗಿ ಹೇಳಿದ.

“ಏನಂತೆ?” ಅಂದರು ಮಾಸ್ಟ್ರು.

“ನಿಲ್ಸಿ ಅಂತವ್ನೆ.”

“ಚೆಂದಾಗಿತ್ತು ಅಂದಂಗಿತ್ತಪ್ಪ” ಎಂದು ಮಾಸ್ಟ್ರು ಇನ್ನೊಂದು ರೌಂಡ್ ಬಾರಿಸಿದರು.

ವರ್ಷಗಳ ನಂತರ ನಾವಾಡಿದ ಮೊದಲ ಮಾತು ಇದೇ.

ಗಾಲ್ವೇ ಕಡೆ

ನಾಗೇಶನ ಊರು ಗಾಲ್ವೇ ಕಡೆಯ ಒಂದು ಸಣ್ಣ ಪಟ್ಟಣ. ಬರೆಯುವುದು ಒಂದು, ಕರೆಯುವುದು ಇನ್ನೊಂದು. ಆದ್ದರಿಂದ ಹೆಸರಿನ ಗೋಜಿಗೆ ಹೋಗುವುದಿಲ್ಲ. ಗುಡ್ಡದ ತುಂಬ ಕುರಿ. ಯಾರ ಕುರಿ ಯಾರದೆಂದು ತಿಳಿಯಲು ಬೆನ್ನಿಗೆ ನೀಲಿ, ಕೆಂಪು ಬಣ್ಣ ಬಳಿದಿರುತ್ತಾರೆ. ಮಳೆ ಬಿದ್ದರೆ ಅದು ಮಳೆಯಲ್ಲ, ಮಂಜು ಅನ್ನುತ್ತಾರೆ. ಮಂಜು ಬಿದ್ದರೆ ಒಳ್ಳೆಯ ದಿನ ಅನ್ನುತ್ತಾರೆ. ಮನೆಗಳ ಗೇಟನ್ನು ಪರೀಕ್ಷಿಸಿ ನೋಡಿದೆ. ಸೊಂಟದೆತ್ತರವೂ ಇಲ್ಲ, ಬೀಗವೂ ಇಲ್ಲ. ಕಳ್ಳರಿಲ್ಲದ ಊರಲ್ಲಿ ವೆಲ್ಡರ್ ಬದುಕುವುದು ಕಷ್ಟ.

ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮಲ್ಲಿ ಇಳಿಯುವಾಗ ಕಂಡಕ್ಟರಿಗೆ ಥ್ಯಾಂಕ್ಸ್ ಹೇಳಿ ನೋಡಿ, ಇವನು ಟಿಕೆಟ್ ತೆಗೆದಿಲ್ಲ ಎಂದು ಕೊರಳಪಟ್ಟಿ ಹಿಡಿಯುತ್ತಾನೆ. ಮಾಸ್ಟ್ರು ಒಂದು ಹೆಜ್ಜೆ ಮುಂದೆ ಹೋಗಿ ಡ್ರೈವರಿಗೆ ಕೈ ಮುಗಿದು ನಿಂತರು. ಅವನು ಸ್ಟೀರಿಂಗ್ ಬಿಟ್ಟು ವಾಪಸ್ ಮುಗಿದ. ಇವರು ಮತ್ತೆ ಮುಗಿದರು. ಬಸ್ಸು ನಿಂತೇ ಇತ್ತು.

ನನ್ನ ಇಂಗ್ಲಿಷ್ ಏಳನೇ ಕ್ಲಾಸಿನದು. ಮಾಸ್ಟ್ರದು ಅದಕ್ಕೂ ಕಡಿಮೆ. ಆದರೂ ಆ ಊರಲ್ಲಿ ಅವರಿಗೆ ನನಗಿಂತ ಸಲೀಸಾಯಿತು. ಅಲ್ಲಿನ ಆಸ್ಪತ್ರೆಯ ನರ್ಸುಗಳಲ್ಲಿ ಬೇಕಾದಷ್ಟು ಮಲಯಾಳಿಗಳು. ಮಾಸ್ಟ್ರಿಗೆ ಗುಂಡ್ಲುಪೇಟೆಯಲ್ಲಿ ಕೇರಳದ ಲಾರಿ ಡ್ರೈವರುಗಳಿಂದ ಕಲಿತ ಮಲಯಾಳ ಇತ್ತು. ನಮ್ಮ ಕಾರ್ಯಕ್ರಮಕ್ಕೆ ಹಾಡುವವಳೂ ಒಬ್ಬಳು ನರ್ಸ್, ಲಿಸ್ಸಿ. ಮೈಸೂರಿನಲ್ಲಿ ನರ್ಸಿಂಗ್ ಓದಿದವಳಾದ್ದರಿಂದ ಕನ್ನಡ ಹಾಡು ಬರುತ್ತಿತ್ತು.

“ಎಂದಾ ಮೋಳೇ, ಸುಖಂ ಅಲ್ಲೇ?” ಎಂದು ಮಾಸ್ಟ್ರು ಯೋಗಕ್ಷೇಮ ಕೇಳಿದ್ದೇ ತಡ, ಲಿಸ್ಸಿ ಕರಗಿ ನೀರಾದಳು. ಆಮೇಲೆ ಅವರು ಚಳಿಯ ಬಗ್ಗೆ ಇನ್ನೊಂದು ವಾಕ್ಯ ಹೇಳಿದರು. ಲಿಸ್ಸಿ ಕಿವಿ ಮುಚ್ಚಿಕೊಂಡು ನಗತೊಡಗಿದಳು.

“ಮಾಷೇ, ಈ ಮಾತು ಯಾರು ಕಲಿಸಿದ್ದು?”

“ಈರುಳ್ಳಿ ಲಾರಿಯೋರು ಕಣವ್ವ. ಯಾಕೆ?”

“ಇನ್ನು ಮೇಲೆ ಹೇಳಬೇಡಿ ಮಾಷೇ.”

ಸಭಾಭವನ

ಸಭಾಭವನವನ್ನು ನೋಡಿಕೊಳ್ಳುವವರು ನೋರಾ ಎಂಬ ಅಜ್ಜಿ. ಬಂದ ಕೂಡಲೇ ಟೀ ಬೇಕೇ ಎಂದು ಕೇಳಿದರು. “ಇಲ್ಲಿ ಒಂದು ಸಲ ಬೇಡ ಅಂದ್ರೆ ಮುಗೀತು, ಮತ್ತೆ ಕೇಳಲ್ಲ” ಎಂದು ನಾಗೇಶ ದಾರಿಯಲ್ಲೇ ಎಚ್ಚರಿಸಿದ್ದ. ಮಾಸ್ಟ್ರು ಅಜ್ಜಿಯ ಮಾತು ಮುಗಿಯುವ ಮೊದಲೇ “ಯಸ್” ಎಂದರು. ಅಜ್ಜಿ ಹುಬ್ಬೇರಿಸಿದರು. ಈ ಕಡೆಯ ಹಳಬರಲ್ಲಿ ಎರಡು ಸಲ ಬೇಡ ಎಂದು, ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವುದು ಮರ್ಯಾದೆಯಂತೆ, ಲಿಸ್ಸಿ ಹೇಳಿದಳು. ಅಂದರೆ ಹರದನಹಳ್ಳಿಯ ಮರ್ಯಾದೆಯೇ! ನಾಗೇಶನ ಮಾತು ಕೇಳಿ ಅಲ್ಲಿ ಹೋಗಿ ನಮ್ಮ ಮಾನ ಕಳೆದುಕೊಂಡೆವು.

ಪಿಯಾನೊ ಗೋಡೆಗೆ ಮುಖ ಮಾಡಿ ನಿಂತಿತ್ತು. ನಮಗೆ ಕಂಡದ್ದು ಬೆನ್ನು. ಒಬ್ಬನೇ ತಿರುಗಿಸಲು ಹೋದೆ, ಅಲುಗಲಿಲ್ಲ. ಮೇಲಿನ ಮುಚ್ಚಳ ಎತ್ತಿ ಇಣುಕಿದೆ. ಒಳಗೆ ಎರಕದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಿಗಿದ ತಂತಿಗಳು. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ನೆಟ್ಟಗೆ ನಿಲ್ಲದು. ಒಂದೇ ಸಲಕ್ಕೆ ಸರಿಯಾಗಿ ಹೊಯ್ಯಬೇಕು. ಯಾವನೋ ಪುಣ್ಯಾತ್ಮ ಹೊಯ್ದಿದ್ದ. ಮನಸ್ಸಿನಲ್ಲೇ ಅವನ ಕೈ ಕುಲುಕಿದೆ. ಆಮೇಲೆ ಎಲ್ಲರೂ ಸೇರಿ ತಿರುಗಿಸಿ ನೋಡಿದರೆ ಬಿಳಿ ಮನೆ, ಕಪ್ಪು ಮನೆ, ಕೆಳಗೆ ಕಾಲಲ್ಲಿ ಒತ್ತುವ ಪೆಡಲ್. ಮತ್ತೇನೂ ಇಲ್ಲ. ಬಟನ್ ಇರುವುದಿಲ್ಲ ಎಂದು ಗೊತ್ತೇ ಇತ್ತು. ಆದರೂ ಕಣ್ಣು ಹುಡುಕಿತು.

“ಶುರು ಮಾಡಿ” ಎಂದ ನಾಗೇಶ.

“ಮಾಸ್ಟ್ರು ಮೊದ್ಲು” ಎಂದೆ ನಾನು.

“ಇಲ್ಲ ಇಲ್ಲ, ಸಿದ್ದ ನುಡುಸ್ಲಿ. ಈಗ ಕಾಲ ಹುಡುಗ್ರುದು.”

“ಗುರುಗಳು ಇರುವಾಗ ಶಿಷ್ಯ ಕೈ ಇಡೋದಾ? ಉಂಟಾ?”

“ಶಿಷ್ಯ ಗೆದ್ರೆ ಗುರು ಗೆದ್ದಂಗೆ. ಕೂತ್ಕಳ್ಲಾ.”

ಇದು ಟೀ ಆರುವವರೆಗೂ ನಡೆಯಿತು. ನಾಗೇಶನ ಕಣ್ಣು ಒದ್ದೆಯಾಯಿತು. “ನೋಡಿ ಲಿಸ್ಸಿ, ಇದು ನಮ್ಮ ಗುರುಶಿಷ್ಯ ಪರಂಪರೆ” ಎಂದು ಮೂಗು ಒರೆಸಿಕೊಂಡ.

ಕೊನೆಗೆ ನನ್ನ ಹಟವೇ ಗೆದ್ದು ಮಾಸ್ಟ್ರು ಕೂತರು. ಕಣ್ಣು ಮುಚ್ಚಿ, ಗೋಪಾಲಸ್ವಾಮಿಯನ್ನು ನೆನೆದು, ಎಂದಿನ ಮನೆಯಲ್ಲೇ ಬೆರಳಿಟ್ಟರು. ಲಿಸ್ಸಿ ಹಾಡಲು ಹೋದಳು. ದನಿ ಬಾವಿಗಿಳಿದು ಕಪ್ಪೆಯ ಹಾಗೆ ಕೇಳಿತು. ಮೇಲಿನಿಂದ ಹಿಡಿದಳು, ಹೊರಗೆ ನಾಯಿ ಬೊಗಳಿತು.

“ಮಾಷೇ, ನಂದು ಎಫ್ ಶಾರ್ಪ್.”

ಎಫ್ ಶಾರ್ಪ್ ಎಂದರೆ ನಮ್ಮ ಲೆಕ್ಕದಲ್ಲಿ ಬಟನ್ನನ್ನು ಆರು ಸಲ ಒತ್ತುವುದು. ಮಾಸ್ಟ್ರ ಹೆಬ್ಬೆರಳು ಬಟನ್ ಇರಬೇಕಾದ ಜಾಗದಲ್ಲಿ ಮರದ ಮೇಲೆ ಆರು ಸಲ ತಟ್ಟಿದ್ದನ್ನು ನಾನು ಕಂಡೆ. ಬೇರೆ ಯಾರೂ ಕಾಣಲಿಲ್ಲ.

“ಪಿಯಾನೊ ಚಳಿ ಹಿಡ್ದದೆ” ಎಂದು ಮಾಸ್ಟ್ರು ಎದ್ದರು. “ಡೀಸೆಲ್ ಜೀಪು ಹಂಗೇಯ. ಬಿಸಿ ಆಗ್ಬೇಕು.”

ನಾಗೇಶ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ನೋರಾ ಅಜ್ಜಿ ತಲೆಯಾಡಿಸಿ, ಒಳಗಿನಿಂದ ಒಂದು ಹೀಟರ್ ತಂದು ಪಿಯಾನೊದ ಕಾಲ ಬಳಿ ಇಟ್ಟು, ಮೇಲೊಂದು ಕಂಬಳಿ ಹೊದಿಸಿದರು.

ಸಮುದ್ರದ ದಂಡೆ

ಪಿಯಾನೊ ಬಿಸಿಯಾಗುವವರೆಗೆ ನಾವಿಬ್ಬರೂ ಸಮುದ್ರದ ಕಡೆ ಹೋದೆವು. ಗಾಳಿ ಮಾಸ್ಟ್ರ ಮಫ್ಲರನ್ನು ಹಿಡಿದು ಎಳೆಯುತ್ತಿತ್ತು. ಕೇಳುವುದಾದರೆ ಈಗಲೇ ಎಂದುಕೊಂಡೆ.

“ಮಾಸ್ಟ್ರೇ, ನಾಳೆ ಪ್ರೋಗ್ರಾಮು. ಇನ್ನಾದ್ರೂ ಯೋಳ್ಕೊಡಿ. ಬಟನ್ ಇಲ್ದೆ ಹೆಂಗೆ ನುಡ್ಸೋದು?”

“ನಿಂಗೆ ಬತ್ತದಲ್ಲ, ನೀನೇ ನುಡ್ಸು.”

“ನಂಗೆಲ್ಲಿ ಬತ್ತದೆ?”

“ಮೊಬೈಲ್ ನೋಡ್ಕಂಡು ಸಿದ್ದ ಎಲ್ಲಾ ಸ್ಕೇಲೂ ಕಲ್ತ್‌ಬುಟ್ಟವ್ನೆ ಅಂತ ಚಾಮರಾಜನಗರದೋರೆಲ್ಲ ಯೋಳ್ತಾರೆ.”

“ಅವ್ರಿಗೆ ಹಂಗಂತ ಯೋಳಿದ್ದು ನಾನೇ ಕಣ ಮಾಸ್ಟ್ರೇ!”

ಮಾಸ್ಟ್ರು ನಿಂತುಬಿಟ್ಟರು. ಅಲೆ ಬಂದು ಅವರ ಚಪ್ಪಲಿ ನೆನೆಸಿತು. ಅದನ್ನೂ ಗಮನಿಸಲಿಲ್ಲ.

“ಮತ್ತೆ ಆ ಮದ್ವೇಲಿ?” ಎಂದೆ. “ಕರೆಂಟ್ ಹೋದಾಗ ಹಾರ್ಮೋನಿಯಂನಲ್ಲಿ ನುಡುಸ್ಲಿಲ್ವಾ?”

“ಅವತ್ತು ಆಡ್ದೋನ್ಗೆ ನೆಗಡಿ ಕಣ್ಲಾ. ಗಂಟ್ಲು ಕಟ್ಟಿತ್ತು. ದನಿ ತಗ್ಗಿ ತಗ್ಗಿ ತಾನೇ ನನ್ ಮನೆಗೆ ಬಂದು ಕೂತ್ಕತು. ನಾನು ಕೈನೇ ಅಲ್ಲಾಡುಸ್ಲಿಲ್ಲ.”

ನೆಗಡಿ! ಒಬ್ಬನ ನೆಗಡಿಗೆ ನಾನು ಗುರುವನ್ನು ಬಿಟ್ಟಿದ್ದೆ.

“ಅದುನ್ನ ಅವತ್ತೇ ಯಾಕೆ ಯೋಳ್ಳಿಲ್ಲ?”

“ನೀನು ಬಾಯಿ ಬುಟ್ಕಂಡು ದೇವ್ರುನ್ನ ನೋಡ್ದಂಗೆ ನೋಡ್ತಾ ನಿಂತಿದ್ದೆ” ಎಂದು ಮಾಸ್ಟ್ರು ಸಮುದ್ರದ ಕಡೆ ತಿರುಗಿದರು. “ಯೆಂಗ್ಲಾ ಯೋಳ್ಲಿ?”

ನನಗೆ ಕೋಪ ಬರಬೇಕಿತ್ತು. ಬಂದೂ ಇತ್ತು. ಆದರೆ ಅವರ ಮಫ್ಲರ್ ಹಾರಿ ಒಂದು ಕುರಿಯ ಮೇಲೆ ಬಿತ್ತು. ಅದನ್ನು ಹಿಡಿಯಲು ಇಬ್ಬರೂ ಕಲ್ಲುಗಳ ಮೇಲೆ ಓಡಬೇಕಾಯಿತು. ಕುರಿಯ ಹಿಂದೆ ಓಡುವವನಿಗೆ ಕೋಪವನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ.

“ಕೀಬೋರ್ಡ್ ಬ್ಯಾಡ ಅಂದ್ರಲ್ಲ ಮತ್ತೆ?” ಎಂದೆ ಏದುಸಿರಿನಲ್ಲಿ.

“ನೀನಿದ್ದೀಯಲ್ಲ ಅಂತ ಅಂದೆ.”

“ನೀವಿದ್ದೀರಲ್ಲ ಅಂತ ನಾನು ಸುಮ್ಕಿದ್ದೆ.”

ಬೇರೆ ಯಾರಾದರೂ ಕೀಬೋರ್ಡ್ ಕೊಟ್ಟಾರೇ ಎಂದು ಕೇಳುವುದಕ್ಕೂ ದಾರಿಯಿರಲಿಲ್ಲ. ನಾಗೇಶ ಆಗಲೇ ಸುತ್ತಲಿನ ಕನ್ನಡಿಗರಿಗೆಲ್ಲ ‘ನಿಜವಾದ ಪಿಯಾನೊ ಮೇಲೆ ನಮ್ಮೂರ ದಿಗ್ಗಜರು’ ಎಂದು ಮೆಸೇಜ್ ಕಳಿಸಿಯಾಗಿತ್ತು. ಇಬ್ಬರು ದಿಗ್ಗಜರೂ ಒಂದು ಬಂಡೆಯ ಮೇಲೆ ಕೂತೆವು. ಮಾಸ್ಟ್ರು ಒದ್ದೆಯಾದ ಕಾಲನ್ನು ಉಜ್ಜಿಕೊಳ್ಳುತ್ತಿದ್ದರು. ಅಂಗೈಗೆ ಮರಳು, ಪಾಚಿ ಮೆತ್ತಿಕೊಂಡಿತ್ತು. ಅದನ್ನು ನೋಡುತ್ತಿದ್ದಾಗ ನನಗೆ ನನ್ನದೇ ಹಳೆಯ ಕೈ ನೆನಪಾಯಿತು.

ನಾನು ಮೊದಲ ಸಲ ಅವರ ಮನೆಗೆ ಹೋದಾಗ ಇನ್ನೊಬ್ಬರ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಕೈ ತುಂಬ ಗ್ರೀಸು. ಕೀಬೋರ್ಡ್ ಮುಟ್ಟಲು ಹೋದರೆ ಮಾಸ್ಟ್ರು ಕೂಗಿಕೊಂಡಿದ್ದರು: “ಲೇ, ಬಿಳೀದು ಮುಟ್ಟಬ್ಯಾಡ, ಗಲೀಜಾಯ್ತದೆ! ಕರೀದು ಮಾತ್ರ ಒತ್ತು!” ಹಾಗೆ ಬರೀ ಕಪ್ಪು ಮನೆಗಳನ್ನೇ ಒತ್ತುತ್ತ ಹೋದರೆ, ಎಲ್ಲಿ ಒತ್ತಿದರೂ ಹಾಡು. ತಪ್ಪೇ ಆಗುತ್ತಿರಲಿಲ್ಲ. ನಾನು ಹುಟ್ಟು ಕಲಾವಿದ ಎಂದು ನಂಬಿದ್ದೇ ಆ ದಿನ. ಅದು ಮೋಹನ ರಾಗದ ಐದು ಸ್ವರ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

“ಮಾಸ್ಟ್ರೇ, ಎಫ್ ಶಾರ್ಪ್ ಅಂದ್ರೆ ಕಪ್ಪು ಮನೆ ಅಲ್ವಾ?”

“ಹೂಂ.”

“ಬರೀ ಕಪ್ಪು ಒತ್ತುದ್ರೆ ಮೋಹನ. ಶುರು ಆಗೋದು ಆ ಎಫ್ ಶಾರ್ಪಿಂದ್ಲೇ. ಆ ಹುಡುಗೀಗೆ ಐದೇ ಸ್ವರದ ಪದ ಆಡು ಅನ್ನನ. ನೀವು ಯೋಳ್ಕೊಟ್ಟ ಮೊದಲ್ನೇ ಪಾಠ, ಬಿಳೀದು ಮುಟ್ಟಬ್ಯಾಡ!”

ಮಾಸ್ಟ್ರು ಬೆನ್ನು ನೆಟ್ಟಗೆ ಮಾಡಿದರು. “ನೋಡ್ದ್ಯಾ? ಮುಂದೆ ಬೇಕಾಯ್ತದೆ ಅಂತ್ಲೇ ಯೋಳ್ಕೊಟ್ಟಿದ್ದು.”

ರಾಜ್ಯೋತ್ಸವ

ಹಾಡುಗಳನ್ನು ಯಾಕೆ ಬದಲಾಯಿಸಬೇಕೆಂದು ಲಿಸ್ಸಿ ಕೇಳಿದಳು. “ಸಂಪ್ರದಾಯ ಮೋಳೇ” ಎಂದರು ಮಾಸ್ಟ್ರು. “ಪಿಯಾನೊ ಮುಂದೆ ಮೊದಲ್ನೇ ಸಲ ಜಾನಪದಾನೇ ಆಡ್ಬೇಕು.” ಯಾರ ಸಂಪ್ರದಾಯ ಎಂದು ಅವಳು ಕೇಳಲಿಲ್ಲ. ರಾಗಿ ಬೀಸುವ ಪದ, ನಾಟಿ ಪದ, ಮಾದಪ್ಪನ ಪದ, ಹೀಗೆ ಐದು ಸ್ವರಕ್ಕೆ ಹೊಂದುವುದನ್ನೆಲ್ಲ ಆರಿಸಿದೆವು. ಹೊಂದದ್ದನ್ನು ಬಗ್ಗಿಸಿ ಹೊಂದಿಸಿದೆವು. ಕಬ್ಬಿಣ ಬಗ್ಗುತ್ತದೆ, ಹಾಡು ಬಗ್ಗದೇ?

ಇನ್ನೊಂದು ತೊಡಕಿತ್ತು. ಕಪ್ಪು ಮನೆಗಳಲ್ಲಿ ಎರಡೂ ಕೈ ಓಡಿಸುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಅದಕ್ಕೆ ಪಾಲು ಮಾಡಿಕೊಂಡೆವು. ಎಡದ ಅರ್ಧ ಮಾಸ್ಟ್ರಿಗೆ, ಅಲ್ಲಿ ಜೀಪು. ಬಲದ ಅರ್ಧ ನನಗೆ, ಅಲ್ಲಿ ತಮಟೆ. ಇಬ್ಬರಿಗೂ ಒಂದೇ ಬೆಂಚು.

ಕನ್ನಡಿಗರು, ನರ್ಸುಗಳು, ಊರಿನ ಐರಿಶ್ ಜನ ಎಲ್ಲ ಸೇರಿ ಸಭಾಭವನ ತುಂಬಿತ್ತು. ನೋರಾ ಅಜ್ಜಿ ಮುಂದಿನ ಸಾಲಿನಲ್ಲಿ ಹಳದಿ ಕೆಂಪು ಶಾಲು ಹೊದ್ದು ಕೂತಿದ್ದರು. ಮಾಸ್ಟ್ರ ಹೆಬ್ಬೆರಳು ಮತ್ತೆ ಬಟನ್ನಿನ ಜಾಗಕ್ಕೆ ಹೊರಟಿತು.

“ಬಿಳೀದು ಮುಟ್ಟಬ್ಯಾಡ” ಎಂದು ನಾನು ಪಿಸುಗುಟ್ಟಿದೆ.

“ಗುರುಗೇ ಯೋಳ್ತಿಯೇನ್ಲಾ?” ಎಂದವರೇ ಶುರು ಮಾಡಿದರು.

ಏನು ಹೇಳಲಿ. ಆ ಎರಕದ ಕಬ್ಬಿಣದೊಳಗಿಂದ ನಮ್ಮ ಬೆಟ್ಟದ ಜೀಪು ಹೊರಟ ಸದ್ದು ನನ್ನ ಎದೆಗೆ ಬಂದು ಬಡಿಯಿತು. ಸ್ಪೀಕರಿನಿಂದ ಬರುವ ಸದ್ದೇ ಬೇರೆ, ಇದೇ ಬೇರೆ. ಇದು ಬೆರಳಿನಿಂದ ನೇರ ಮರಕ್ಕೆ, ಮರದಿಂದ ಮೂಳೆಗೆ. ನಾನು ತಮಟೆ ಹೊಡೆದೆ. ಲಿಸ್ಸಿಯ ದನಿ ಬಾಣದ ಹಾಗೆ ಮೇಲೆ ಹೋಯಿತು. ಜನ ಕಾಲು ಕುಟ್ಟತೊಡಗಿದರು. ಮಾದಪ್ಪನ ಪದಕ್ಕೆ ಐರಿಶ್ ಜನ ಹಾಗೆ ಕುಣಿದದ್ದನ್ನು ಮಾದಪ್ಪನೇ ನೋಡಬೇಕಿತ್ತು.

ಕೊನೆಯ ಹಾಡು ಏರಿದಾಗ ನನಗೆ ಮೈಮೇಲೆ ಬಂತು. ಎದ್ದು ನಿಂತು, ಮಾಸ್ಟ್ರಿಂದ ಎತ್ತಿಕೊಂಡ ಹಳೆಯ ಅಭ್ಯಾಸದಂತೆ ಹಿಮ್ಮಡಿಯಲ್ಲಿ ಬೆಂಚನ್ನು ಒದ್ದೆ.

ಬೆಂಚಿನ ಮೇಲೆ ಮಾಸ್ಟ್ರು ಇನ್ನೂ ಕೂತಿದ್ದರು.

‘ದಡ್’ ಎಂದು ಕ್ಯಾಸೆಟ್ಟಿನಲ್ಲಿದ್ದಂಥದೇ ಸದ್ದು. ತಿರುಗಿ ನೋಡಿದರೆ ಮಾಸ್ಟ್ರು ನೆಲದ ಮೇಲೆ. ಆದರೆ ಎಡಗೈ ಮೇಲೇ ಇತ್ತು! ಮುಳುಗುವವನು ದಡ ಹಿಡಿದಂತೆ ಬಲಗೈಯಲ್ಲಿ ಪಿಯಾನೊದ ಅಂಚು ಹಿಡಿದುಕೊಂಡಿದ್ದರು, ಮುಖ ಕಾಣದಿದ್ದರೂ ಎಡಗೈ ಮಾತ್ರ ಜೀಪು ಓಡಿಸುತ್ತಲೇ ಇತ್ತು. ಅಷ್ಟೂ ಕಪ್ಪು ಮನೆ, ಒಂದೂ ತಪ್ಪಿಲ್ಲ. ಕಣ್ಣಿಗೆ ಕಾಣದೆ, ಬಟನ್ ಇಲ್ಲದೆ! ಆಮೇಲೆ ಏಳಲು ಹೋಗಿ ಇಡೀ ಮೊಣಕೈಯನ್ನು ಬಿಳಿ ಮನೆಗಳ ಮೇಲೆ ಊರಿದರು. ಇಡೀ ಸಂಜೆ ಮುಟ್ಟದೆ ಉಳಿಸಿದ್ದ ಬಿಳಿಯೆಲ್ಲ ಒಟ್ಟಿಗೆ ಅರಚಿತು. ಹಾಡು ಮುಗಿಯಿತು.

ಆಮೇಲೆ ಜನ ಕುರ್ಚಿ ಬಿಟ್ಟು ಎದ್ದು ಕೇಕೆ ಹಾಕಿದರು. ನೋರಾ ಅಜ್ಜಿ ಸಿಳ್ಳೆ ಹೊಡೆದರು.

ಮಾಸ್ಟ್ರು ಸೊಂಟ ಹಿಡಿದುಕೊಂಡು ಎದ್ದು ನಮಸ್ಕಾರ ಮಾಡುತ್ತ, ನಗು ಬಿಡದೆ ನನ್ನ ಕಿವಿಗೆ ಹೇಳಿದರು: “ಬಡ್ಡೈದ್ನೆ, ಸ್ಟೂಲ್ ಒದೆಯೋದು ನಂದು ಕಣ್ಲಾ. ಯಾವತ್ತಿಂದ್ಲೂ ನಂದು.”

ಚಾಮರಾಜನಗರ

ಬೆಂಗಳೂರಿನಿಂದ ಬರುವ ಬಸ್ಸಿನಲ್ಲಿ ಮಾಸ್ಟ್ರು ನೋವಿಗೆ ಒಂದೇ ಪಕ್ಕಕ್ಕೆ ಕೂತಿದ್ದರು. ಮೈಸೂರಿನಲ್ಲಿ ಇಳಿಯುವಾಗ ಡ್ರೈವರಿಗೆ ಕೈ ಮುಗಿದರು. ಅವನು ನಮ್ಮಿಬ್ಬರ ಮುಖವನ್ನೂ ಅನುಮಾನದಿಂದ ನೋಡಿದ. ಅವರು ಗುಂಡ್ಲುಪೇಟೆಯ ಬಸ್ ಹತ್ತಿದರು, ನಾನು ಚಾಮರಾಜನಗರದ್ದು. ಕೊನೆಯ ಪಾಠ ಕೀಳಲು ಹೋದವನು ಬರಿಗೈಯಲ್ಲಿ ಮನೆಗೆ ಬಂದೆ.

ಮರುದಿನ ಅಂಗಡಿ ತೆರೆದು ಮೊದಲು ಒಂದು ಸ್ವಂತ ಕೆಲಸ ಮಾಡಿಕೊಂಡೆ. ಆಮೇಲೆ ಒಂದು ಕಿಟಕಿ ಗ್ರಿಲ್ ಹಿಡಿದು ಕೂತಿದ್ದಾಗ ಮಾಸ್ಟ್ರು ಬಂದರು. ಕಂಕುಳಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಕೀಬೋರ್ಡ್.

“ಒಂದು ಕೆಲ್ಸ ಆಗ್ಬೇಕು” ಎಂದು ಬೆಡ್‌ಶೀಟ್ ಬಿಚ್ಚಿದರು. “ಈ ಬಟನ್ ಮೇಲೊಂದು ತಗಡು ಬಡ್ದುಬುಡು. ಜಲ್ಮದಲ್ಲಿ ಬಿಚ್ಚಬಾರ್ದು, ಹಂಗೆ. ವಾರಕ್ಕೊಂದ್ಸಲ ಬತ್ತೀನಿ. ಇಬ್ರೂ ಕೂತು ಬಟನ್ ಇಲ್ದೆ ಕಲಿಯನ.”

“ಯೋಳ್ಕೊಡೋರು ಯಾರು ಮಾಸ್ಟ್ರೇ?”

“ತಪ್ಪು ಮಾಡ್ದೋನ್ಗೆ ಇನ್ನೊಬ್ಬ ಬಯ್ಯೋದು. ಅಷ್ಟೇಯ.”

ಪ್ಲಾಸ್ಟಿಕ್ಕಿಗೆ ವೆಲ್ಡಿಂಗ್ ಆಗದು, ತಗಡು ಕತ್ತರಿಸಿ ಅಂಟು ಹಾಕಿ ಕೂರಿಸಬೇಕು ಎಂದು ಹೇಳಿದೆ. ಅವರು ಅಷ್ಟರಲ್ಲಿ ಒಳಗೆ ಹೋಗಿ, ಮೂಲೆಯಲ್ಲಿದ್ದ ನನ್ನ ಕೀಬೋರ್ಡಿನ ಮುಸುಕು ಎತ್ತಿ ನೋಡಿದರು. ಅದೇ ಬಟನ್ ಮೇಲೆ, ಬೆಳಿಗ್ಗೆ ತಾನೇ ಕೂರಿಸಿದ ತಗಡು ಮಿರಮಿರ ಹೊಳೆಯುತ್ತಿತ್ತು. ಅಂಟು ಇನ್ನೂ ಒಣಗಿರಲಿಲ್ಲ.

ಮಾಸ್ಟ್ರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿದರು:

“ಇದ್ನೂ ಕದ್ದ್‌ಬುಟ್ಟೆಯೇನ್ಲಾ, ಸಿದ್ದ!”